ಪ್ರೀತಿ ಇದೆ, ಆದರೆ ನಿಂತ ನೀರಾಗಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಎಷ್ಟೋ ಸಲ ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಜನ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ನಾನು ಮನೋವೈದ್ಯೆಯಲ್ಲ. ನನ್ನದೇ ದಾಂಪತ್ಯ ಒಮ್ಮೆ ಹೀಗೆ ನಿಂತುಹೋಗಿದ್ದಾಗ ಸಿಕ್ಕಿದ್ದನ್ನೆಲ್ಲ ಓದಿದವಳು, ಆಮೇಲೂ ಓದುವುದನ್ನು ಬಿಡದವಳು. ನಿಮ್ಮ ಮನೆಯಲ್ಲಿ ಹೊಡೆತ, ಬೆದರಿಕೆ, ಹೆದರಿಕೆ ಇದ್ದರೆ ಉಳಿದದ್ದನ್ನು ಬಿಟ್ಟು, ಕೊನೆಯ ಭಾಗದಲ್ಲಿ ಕೌನ್ಸೆಲರ್ ಬಗ್ಗೆ ಇರುವ ಉತ್ತರವನ್ನು ಮೊದಲು ಓದಿ.

## ಏನಾಗಿದೆ ಅಂತಲೇ ತಿಳಿಯದಿದ್ದಾಗ

ಜಗಳ ಇಲ್ಲ, ಮೋಸ ಇಲ್ಲ. ಆದರೂ ಏನೋ ಸತ್ತ ಹಾಗಿದೆ. ಇದು ನಮಗೊಬ್ಬರಿಗೇನಾ?

ಅಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆಯೇ ಇದು. ಜಗಳವಾದರೆ ಹೇಳಿಕೊಳ್ಳಲು ಒಂದು ಘಟನೆಯಾದರೂ ಇರುತ್ತದೆ. ಇಲ್ಲಿ ಬೊಟ್ಟು ಮಾಡಿ ತೋರಿಸಲು ಏನೂ ಇಲ್ಲ, ಹಾಗಾಗಿ ದೂರಲೂ ನಾಚಿಕೆ. ‘ಎಲ್ಲ ಚೆನ್ನಾಗಿದೆಯಲ್ಲ, ಇನ್ನೇನು ಬೇಕು?’ ಅಂತ ನಮಗೆ ನಾವೇ ಗದರಿಕೊಳ್ಳುತ್ತೇವೆ.

ಮನುಷ್ಯನ ಮನಸ್ಸು ಸಿಕ್ಕಿದ್ದಕ್ಕೆ ಒಗ್ಗಿಹೋಗುತ್ತದೆ. ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಬೆಲ್ ಎಂಬ ಮನಃಶಾಸ್ತ್ರಜ್ಞರು 1971ರಲ್ಲೇ ಈ ಒಗ್ಗಿಕೊಳ್ಳುವಿಕೆಯ ಬಗ್ಗೆ ಬರೆದರು. ಹೊಸ ಮನೆಗೆ ಒಗ್ಗುವ ಹಾಗೆಯೇ ಮನೆಯಲ್ಲಿರುವ ಮನುಷ್ಯರಿಗೂ ಒಗ್ಗುತ್ತೇವೆ. ವ್ಯತ್ಯಾಸ ಇಷ್ಟೇ: ಗೋಡೆ ಬದಲಾಗುವುದಿಲ್ಲ, ಮನುಷ್ಯ ಬದಲಾಗುತ್ತಾನೆ. ನಾವು ಐದು ವರ್ಷದ ಹಿಂದೆ ಅರ್ಥ ಮಾಡಿಕೊಂಡ ವ್ಯಕ್ತಿಯ ಜೊತೆಯೇ ಇದ್ದೇವೆ ಅಂದುಕೊಂಡು, ಎದುರಿಗಿರುವವರನ್ನು ನೋಡುವುದನ್ನು ನಿಲ್ಲಿಸಿರುತ್ತೇವೆ. ನಾನು ಕಂಡ ಮಟ್ಟಿಗೆ ಇಂಥ ಜೋಡಿಗಳಲ್ಲಿ ಹೆಚ್ಚಿನವರಲ್ಲಿ ಪ್ರೀತಿ ಬತ್ತಿರುವುದಿಲ್ಲ, ಕುತೂಹಲ ಬತ್ತಿರುತ್ತದೆ.

ಮೊದಲಿನ ಹಾಗೆ ಎದೆ ಢವಢವ ಅನ್ನಲ್ಲ. ಪ್ರೀತಿ ಮುಗೀತು ಅಂತ ತಾನೇ ಅರ್ಥ?

ಅಲ್ಲವೇ ಅಲ್ಲ. ಹಗಲೂ ರಾತ್ರಿ ಒಬ್ಬರದ್ದೇ ಧ್ಯಾನ, ಒಂದು ಸಂದೇಶಕ್ಕಾಗಿ ಕಾಯುವ ಚಡಪಡಿಕೆ: ಈ ಸ್ಥಿತಿಯನ್ನು ಡೊರೋಥಿ ಟೆನೋವ್ 1979ರಲ್ಲಿ ವಿವರವಾಗಿ ದಾಖಲಿಸಿದರು. ಅದು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷ ಇರುತ್ತದೆ ಎಂಬುದು ಅವರ ಅಂದಾಜು. ಅಂದರೆ ಅದು ಇಳಿಯುವುದು ರೋಗವಲ್ಲ, ಅದರ ಸ್ವಭಾವ. ಇಡೀ ಆಯಸ್ಸು ಹಾಗೇ ಇದ್ದರೆ ಯಾರಿಗೂ ನಿದ್ದೆ ಬರುತ್ತಿರಲಿಲ್ಲ.

ರಾಬರ್ಟ್ ಸ್ಟರ್ನ್‌ಬರ್ಗ್ 1986ರಲ್ಲಿ ಪ್ರೀತಿಯನ್ನು ಮೂರು ಎಳೆಗಳಾಗಿ ಬಿಡಿಸಿ ನೋಡಿದರು: ಆಪ್ತತೆ, ಉತ್ಕಟತೆ, ಬದ್ಧತೆ. ಮೂರೂ ಒಂದೇ ವೇಗದಲ್ಲಿ ಏರಿಳಿಯುವುದಿಲ್ಲ. ನಿಮ್ಮಲ್ಲಿ ಯಾವುದು ತೆಳುವಾಗಿದೆ ಅಂತ ಮೊದಲು ನೋಡಿಕೊಳ್ಳಿ. ಆಪ್ತತೆ ತೆಳುವಾಗಿರುವಾಗ ಉತ್ಕಟತೆಯನ್ನು ಹುಡುಕಿ ಹೊರಡುವವರೇ ಜಾಸ್ತಿ, ಅದಕ್ಕೇ ಏನೂ ಕೈಗೆ ಹತ್ತುವುದಿಲ್ಲ.

ಇನ್ನೊಂದು ಮಾತು. ಬಿಯಾಂಕಾ ಅಸೆವೆಡೊ, ಆರ್ಥರ್ ಆರನ್, ಹೆಲೆನ್ ಫಿಶರ್ ಮತ್ತು ಲೂಸಿ ಬ್ರೌನ್ ಅವರು ಸರಾಸರಿ 21 ವರ್ಷ ದಾಂಪತ್ಯ ನಡೆಸಿ, ಈಗಲೂ ಗಾಢವಾಗಿ ಪ್ರೀತಿಸುತ್ತೇವೆ ಅಂದ 17 ಮಂದಿಯ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಸಂಗಾತಿಯ ಫೋಟೋ ಕಂಡಾಗ, ಹೊಸದಾಗಿ ಪ್ರೀತಿಗೆ ಬಿದ್ದವರಲ್ಲಿ ಚುರುಕಾಗುವ ಭಾಗವೇ ಇವರಲ್ಲೂ ಚುರುಕಾಯಿತು. 17 ಜನ ಸಣ್ಣ ಸಂಖ್ಯೆ, ಅದೂ ಆರಿಸಿ ತೆಗೆದವರು. ಆದರೂ ಬೂದಿ ಮುಚ್ಚಿದ ಮೇಲೂ ಕೆಂಡ ಇರಬಹುದು ಅನ್ನುವುದಕ್ಕೆ ಅಷ್ಟು ಸಾಕು.

ಇದು ನಮ್ಮ ಸಂಬಂಧದ ಸಮಸ್ಯೆಯಾ, ನನ್ನೊಬ್ಬಳದ್ದಾ?

ಸಂಗಾತಿಯ ಜೊತೆ ಮಾತ್ರ ಮಂಕಾಗಿದೆಯೋ, ಎಲ್ಲದರಲ್ಲೂ ಹಾಗೆಯೋ? ಇಷ್ಟವಾಗಿದ್ದ ಹಾಡು, ಗೆಳತಿಯರು, ಕೆಲಸ ಯಾವುದರಲ್ಲೂ ರುಚಿಯಿಲ್ಲ, ನಿದ್ದೆ ಹಸಿವು ಏರುಪೇರಾಗಿದೆ, ಎರಡು ವಾರಕ್ಕೂ ಮೀರಿ ಹೀಗೇ ಇದೆ ಅಂದರೆ ಅದು ಖಿನ್ನತೆ ಇರಬಹುದು. ಥೈರಾಯ್ಡ್ ತೊಂದರೆಯೂ ಹೀಗೇ ಕಾಣಿಸಿಕೊಳ್ಳುವುದುಂಟು. ಮೊದಲು ವೈದ್ಯರನ್ನು ನೋಡಿ. ಸಂಬಂಧದ ತೀರ್ಪು ಆಮೇಲೆ.

## ದಿನದಿನದ ಬದುಕಿನಲ್ಲಿ

ನಾನು ಏನಾದರೂ ಹೇಳಿದರೆ ಫೋನ್‌ನಿಂದ ತಲೆ ಎತ್ತದೆ ‘ಹೂಂ’ ಅಂತಾರೆ. ಇಷ್ಟು ಸಣ್ಣದಕ್ಕೆ ಬೇಜಾರಾಗೋದು ಅತಿಯಾಯ್ತಾ?

ಅತಿಯಲ್ಲ. ಇಡೀ ವಿಷಯದ ತಿರುಳೇ ಇಲ್ಲಿದೆ ಅನ್ನುವುದು ನನ್ನ ನಂಬಿಕೆ.

ಜಾನ್ ಗಾಟ್ಮನ್ ಎಂಬ ಸಂಶೋಧಕರು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನೆಯಂತೆ ಸಜ್ಜುಗೊಳಿಸಿದ ಪ್ರಯೋಗಾಲಯದಲ್ಲಿ ಹೊಸದಾಗಿ ಮದುವೆಯಾದ ಜೋಡಿಗಳನ್ನು ಉಳಿಸಿ, ಅವರ ದಿನಚರಿಯನ್ನು ಗಮನಿಸಿದರು. ಅವರು ಎಣಿಸಿದ್ದು ದೊಡ್ಡ ಮಾತುಗಳನ್ನಲ್ಲ. ‘ಇಲ್ಲಿ ನೋಡು’, ‘ಇವತ್ತು ಏನಾಯ್ತು ಗೊತ್ತಾ’ ಅನ್ನುವ ಪುಟ್ಟ ಕರೆಗಳನ್ನು. ಕರೆದಾಗ ಇನ್ನೊಬ್ಬರು ತಿರುಗಿದರೋ ಇಲ್ಲವೋ? ಆರು ವರ್ಷದ ನಂತರವೂ ಜೊತೆಗಿದ್ದವರು ಸರಾಸರಿ ನೂರರಲ್ಲಿ 86 ಸಲ ತಿರುಗಿದ್ದರು. ಬೇರೆಯಾಗಿದ್ದವರು 33 ಸಲ.

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಒಂದು ಸಂಜೆ ನನ್ನ ಗಂಡ ಕಿಟಕಿ ಬಳಿ ನಿಂತು ‘ಆ ಕೊಂಬೆ ಮೇಲೆ ಗೂಡು ಕಟ್ತಿದೆ ನೋಡು’ ಅಂದರು. ನಾನು ಲ್ಯಾಪ್‌ಟಾಪ್‌ನಿಂದ ಕಣ್ಣು ಕೀಳದೆ ‘ಹೂಂ’ ಅಂದೆ. ಮರುದಿನ ‘ಮೊಟ್ಟೆ ಇಟ್ಟಿದೆ ಅನ್ಸುತ್ತೆ’ ಅಂದರು. ಅದಕ್ಕೂ ಹೂಂ. ಆಮೇಲೆ ಅವರು ಏನೂ ಹೇಳಲಿಲ್ಲ. ಎಷ್ಟೋ ದಿನದ ಮೇಲೆ ನನಗೇ ನೆನಪಾಗಿ ಕಿಟಕಿಗೆ ಹೋಗಿ ನೋಡಿದರೆ ಗೂಡು ಖಾಲಿ. ‘ಮರಿಗಳು ಹಾರಿಹೋಗಿ ವಾರ ಆಯ್ತು’ ಅಂದರು. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಅವರು ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದರು.

ಹಾಗಾಗಿ ನಿಮ್ಮ ಬೇಜಾರನ್ನು ನುಂಗಿಕೊಳ್ಳಬೇಡಿ. ‘ನೀವು ಯಾವಾಗಲೂ ಫೋನ್‌ನಲ್ಲೇ’ ಅನ್ನುವ ಬದಲು ‘ಎರಡು ನಿಮಿಷ ನನ್ನ ಕಡೆ ನೋಡಿ, ಒಂದು ವಿಷಯ ಹೇಳಬೇಕು’ ಅನ್ನಿ. ಅವರು ಕರೆದಾಗ ನೀವೂ ಏಳಿ. ನಿಜವಾಗಲೂ ಕೈಬಿಡುವಿಲ್ಲದಿದ್ದರೆ ‘ಹತ್ತು ನಿಮಿಷ ಕೊಡಿ’ ಅಂದು, ಹತ್ತು ನಿಮಿಷಕ್ಕೆ ನೀವಾಗಿ ಹೋಗಿ ಕೇಳಿ.

ಮಾತಾಡ್ತೀವಿ. ಆದರೆ ಬರೀ ಬಿಲ್ಲು, ಮಕ್ಕಳು, ನಾಳೆ ಯಾರು ಎಷ್ಟೊತ್ತಿಗೆ ಹೊರಡೋದು ಅಂತ. ಬೇರೆ ಏನು ಮಾತಾಡೋದು?

ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿ. ‘ಇವತ್ತು ಹೇಗಿತ್ತು?’ ಅನ್ನುವುದಕ್ಕೆ ಉತ್ತರ ನಿಮಗೆ ಮೊದಲೇ ಗೊತ್ತು: ‘ಪರವಾಗಿಲ್ಲ.’

ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಅಪರಿಚಿತರನ್ನು ಜೋಡಿಯಾಗಿ ಕೂರಿಸಿ, ಹಂತ ಹಂತವಾಗಿ ಆಳಕ್ಕಿಳಿಯುವ 36 ಪ್ರಶ್ನೆಗಳನ್ನು ಕೊಟ್ಟು ನೋಡಿದರು. ಮೂರು ಕಂತು, ಒಟ್ಟು 45 ನಿಮಿಷ. ಸುಮ್ಮನೆ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಇವರಲ್ಲಿ ಆಪ್ತತೆ ಹೆಚ್ಚಾಗಿತ್ತು. ಅಪರಿಚಿತರಿಗೇ ಹೀಗಾದರೆ ನಮಗೇಕೆ ಆಗಬಾರದು? ಆದರೆ ನಮಗೊಂದು ಅಡ್ಡಿಯಿದೆ: ‘ಇವರು ಏನು ಹೇಳ್ತಾರೆ ಅಂತ ಗೊತ್ತು’ ಅನ್ನುವ ಭ್ರಮೆ.

ಈ ಭ್ರಮೆ ನನಗೂ ಇತ್ತು. ಮದುವೆಯಾದ ಹನ್ನೆರಡನೇ ವರ್ಷದಲ್ಲಿ ಒಂದು ರಾತ್ರಿ ‘ಈಗೀಗ ಕೆಲಸದಲ್ಲಿ ನಿಮಗೆ ಯಾವುದರ ಹೆದರಿಕೆ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು: ‘ಎಡಗಿವಿ ಸರಿಯಾಗಿ ಕೇಳಿಸ್ತಿಲ್ಲ. ಮೀಟಿಂಗ್‌ನಲ್ಲಿ ಅರ್ಥ ಆಗದೆ ಸುಮ್ಮನೆ ತಲೆ ಆಡಿಸ್ತೀನಿ. ಎರಡು ವರ್ಷ ಆಯ್ತು.’ ನಾನು ಮಲಗುವುದು ಅವರ ಎಡಕ್ಕೆ. ಎರಡು ವರ್ಷದಿಂದ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿಲ್ಲ ಅಂತ ಕೊರಗುತ್ತಿದ್ದೆ. ಮರುದಿನ ಮಲಗುವ ಜಾಗ ಬದಲಾಯಿಸಿದೆವು. ಆ ವಾರವೇ ಕಿವಿಯ ವೈದ್ಯರ ಬಳಿ ಹೋದೆವು.

ವಾರಕ್ಕೊಂದು ಸಂಜೆ ಇಬ್ಬರೇ ಹೊರಗೆ ಹೋಗ್ತೀವಿ. ಏನೂ ಬದಲಾಗಲಿಲ್ಲ. ಯಾಕೆ?

ಅದೇ ಜಾಗ, ಅದೇ ಮೇಜು, ಅದೇ ಮಾತು ಆದರೆ ಹೊರಗೆ ಹೋಗುವುದೂ ಇನ್ನೊಂದು ದಿನಚರಿ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 53 ದಂಪತಿಗಳನ್ನು ಹತ್ತು ವಾರ ಗಮನಿಸಿದರು. ಕೆಲವರು ವಾರಕ್ಕೆ ಒಂದೂವರೆ ಗಂಟೆ ‘ಹಿತವಾದ’ ಕೆಲಸವನ್ನೂ, ಕೆಲವರು ‘ಮೈ ನವಿರೇಳಿಸುವ’ ಕೆಲಸವನ್ನೂ ಜೊತೆಯಾಗಿ ಮಾಡಬೇಕಿತ್ತು. ಸಮಾಧಾನ ಹೆಚ್ಚಾಗಿದ್ದು ಎರಡನೆಯವರಲ್ಲಿ.

ಆ ಅಧ್ಯಯನದ ತಂಡದಲ್ಲೂ ಇದ್ದ ಆರ್ಥರ್ ಆರನ್ 2000ದಲ್ಲಿ ಮಾಡಿದ ಪ್ರಯೋಗ ಇನ್ನೂ ಚಂದ. ಜೋಡಿಯ ಮಣಿಕಟ್ಟು, ಕಾಲುಗಳನ್ನು ಒಟ್ಟಿಗೆ ಕಟ್ಟಿ, ನಡುವೆ ಒಂದು ದಿಂಬು ಕೊಟ್ಟು, ಕೈಯಲ್ಲಿ ಹಿಡಿಯದೆ ಅಂಬೆಗಾಲಿಡುತ್ತ ಹಾಸಿನ ಆ ತುದಿಗೆ ಹೋಗಿ ಬರಲು ಹೇಳಿದರು. ಏಳು ನಿಮಿಷದ ಆಟ. ಅಷ್ಟಕ್ಕೇ ಒಬ್ಬರನ್ನೊಬ್ಬರು ನೋಡುವ ರೀತಿ ಸ್ವಲ್ಪ ಬದಲಾಗಿತ್ತು. ಇಬ್ಬರಿಗೂ ಬರದ ಕೆಲಸವನ್ನು ಜೊತೆಯಾಗಿ ಕಲಿಯುವಾಗ ಸಂಗಾತಿ ಹೊಸಬರಾಗಿ ಕಾಣುತ್ತಾರೆ. ಈಜು, ನಾಟಕ, ಹೊಸ ಲಿಪಿ, ಬೆಟ್ಟ ಹತ್ತುವುದು ಯಾವುದೂ ಆಗಬಹುದು. ಒಬ್ಬರು ಪಳಗಿದ್ದು ಇನ್ನೊಬ್ಬರು ಹೊಸಬರಾಗಿದ್ದರೆ ಅದು ಪಾಠವಾಗಿಬಿಡುತ್ತದೆ, ಅದನ್ನು ಬಿಡಿ.

ಇಬ್ಬರೂ ದುಡಿಯೋರು. ಇದಕ್ಕೆಲ್ಲ ಸಮಯ ಎಲ್ಲಿದೆ?

ಮನೆಯಿಂದ ಹೊರಡುವ ಮುಂಚೆ ಎರಡು ನಿಮಿಷ, ಬಂದ ಮೇಲೆ ಹದಿನೈದು ನಿಮಿಷ. ಫೋನ್ ಬೇರೆ ಕೋಣೆಯಲ್ಲಿ. ಮನೆಕೆಲಸ ಒಬ್ಬರ ತಲೆಯ ಮೇಲೇ ಬಿದ್ದಿದ್ದರೆ ಆ ಹದಿನೈದು ನಿಮಿಷವೂ ಸಿಗುವುದಿಲ್ಲ. ಅಲ್ಲಿ ಮೊದಲು ಹಂಚಬೇಕಾದದ್ದು ಕೆಲಸ. ದಣಿದು ಬಿದ್ದವರಿಗೆ ಒಲವಿನ ಮಾತು ಹೇಳಿ ಪ್ರಯೋಜನವಿಲ್ಲ.

ಅವರು ಖುಷಿಯಿಂದ ಏನೋ ಹೇಳಿದಾಗ ನನಗೆ ಉತ್ಸಾಹವೇ ಬರಲ್ಲ. ನಟಿಸಬೇಕಾ?

ನಟಿಸಬೇಡಿ, ಒಂದು ಪ್ರಶ್ನೆ ಕೇಳಿ. ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದು ಇದನ್ನೇ: ಒಳ್ಳೆಯ ಸುದ್ದಿಗೆ ನಾವು ಹೇಗೆ ಓಗೊಡುತ್ತೇವೆ ಅನ್ನುವುದಕ್ಕೂ ಸಂಬಂಧದ ಗಟ್ಟಿತನಕ್ಕೂ ನಂಟಿದೆ. ‘ಹೌದಾ, ಒಳ್ಳೇದು’ ಅಂದು ಮುಗಿಸುವುದು, ‘ಇನ್ನು ಮೇಲೆ ಕೆಲಸ ಜಾಸ್ತಿ ಆಗುತ್ತಲ್ಲ’ ಅಂತ ತಣ್ಣೀರೆರಚುವುದು ಎರಡೂ ಒಳಗೆ ಕೊರೆಯುತ್ತವೆ. ‘ಯಾರು ಹೇಳಿದ್ರು? ನಿಮಗೆ ಹೇಗನ್ನಿಸ್ತು?’ ಅಂತ ಕೇಳುತ್ತಾ ಹೋದರೆ ಉತ್ಸಾಹ ತಾನಾಗಿ ಬರುತ್ತದೆ.

## ಮಾತು ಗಂಟಾದಾಗ

ಈ ವಿಷಯ ಎತ್ತೋದೇ ಹೇಗೆ? ಎತ್ತಿದರೆ ‘ನನ್ನಲ್ಲೇ ತಪ್ಪು ಅಂತೀಯಾ’ ಅಂತಾರೆ.

ಮಾತಿನ ಮೊದಲ ಮೂರು ನಿಮಿಷ ಬಹಳ ಮುಖ್ಯ. ಸಿಬಿಲ್ ಕಾರೇರ್ ಮತ್ತು ಗಾಟ್ಮನ್ 1999ರಲ್ಲಿ 124 ಹೊಸ ಜೋಡಿಗಳ ವಾಗ್ವಾದಗಳನ್ನು ನೋಡಿ, ಶುರುವಿನ ಮೂರು ನಿಮಿಷದಲ್ಲೇ ಮುಂದೆ ಬೇರೆಯಾದವರ ಮತ್ತು ಉಳಿದವರ ನಡುವಿನ ವ್ಯತ್ಯಾಸ ಕಾಣುತ್ತದೆ ಅಂದರು.

‘ನೀನು ಮೊದಲಿನ ಹಾಗಿಲ್ಲ’ ಅಂದರೆ ಅದು ಆರೋಪ. ‘ನಿನ್ನ ಜೊತೆ ನಕ್ಕು ಬಹಳ ದಿನ ಆಯ್ತು, ಅದು ಬೇಕು ಅನ್ನಿಸ್ತಿದೆ’ ಅಂದರೆ ಅದು ಹಂಬಲ. ವಿಷಯ ಒಂದೇ, ಆದರೆ ಎರಡನೆಯದಕ್ಕೆ ಎದುರಿನವರು ಗುರಾಣಿ ಎತ್ತುವುದಿಲ್ಲ. ‘ಯಾವಾಗಲೂ’, ‘ಯಾವತ್ತೂ’ ಅನ್ನುವ ಪದಗಳನ್ನು ಬಿಡಿ. ಹಸಿದಾಗ, ರಾತ್ರಿ ಹನ್ನೊಂದರ ಮೇಲೆ, ಯಾರಾದರೂ ಹೊರಡುವ ಅವಸರದಲ್ಲಿದ್ದಾಗ ಎತ್ತಬೇಡಿ. ಮುಖಾಮುಖಿ ಕಷ್ಟವಾದರೆ ನಡೆಯುತ್ತಾ ಮಾತಾಡಿ. ಕಣ್ಣಿಗೆ ಕಣ್ಣು ಸೇರದಿದ್ದಾಗ ಕೆಲವರ ಬಾಯಿ ಬಿಚ್ಚುತ್ತದೆ.

ನಾನು ಹೇಳಿದಷ್ಟೂ ಅವರು ಬಾಯಿ ಮುಚ್ಚಿಕೊಳ್ತಾರೆ. ಗೋಡೆಗೆ ಹೇಳಿದ ಹಾಗೆ.

ಒಬ್ಬರು ಬೆನ್ನು ಹತ್ತುವುದು, ಇನ್ನೊಬ್ಬರು ಹಿಂದೆ ಸರಿಯುವುದು. ಆಂಡ್ರ್ಯೂ ಕ್ರಿಸ್ಟೆನ್‌ಸನ್ ದಶಕಗಟ್ಟಲೆ ಅಭ್ಯಾಸ ಮಾಡಿದ ವರ್ತುಲ ಇದು. ನೀವು ಒತ್ತಾಯಿಸುವುದು ಅವರು ಸರಿಯುವುದರಿಂದ, ಅವರು ಸರಿಯುವುದು ನೀವು ಒತ್ತಾಯಿಸುವುದರಿಂದ. ಯಾರು ಶುರು ಮಾಡಿದರು ಅಂತ ಹುಡುಕಿದರೆ ಎಂದೂ ಸಿಗುವುದಿಲ್ಲ.

ಸುಮ್ಮನಾದವರು ತಣ್ಣಗಿದ್ದಾರೆ ಅಂದುಕೊಳ್ಳಬೇಡಿ. ಹೊರಗೆ ಕಲ್ಲಿನಂತೆ ಕೂತವರ ಎದೆಬಡಿತ ನಿಮಿಷಕ್ಕೆ ನೂರು ದಾಟಿರುವುದುಂಟು. ಆಗ ಕಿವಿಗೆ ಬಿದ್ದದ್ದು ತಲೆಗೆ ಇಳಿಯುವುದಿಲ್ಲ. ಕಡಿಮೆಯೆಂದರೂ ಇಪ್ಪತ್ತು ನಿಮಿಷ ಬಿಡುವು ಬೇಕು. ಆದರೆ ಬಿಡುವು ಕೇಳಿದವರೇ ವಾಪಸ್ ಬರುವ ಹೊತ್ತನ್ನೂ ಹೇಳಬೇಕು: ‘ಈಗ ಆಗ್ತಿಲ್ಲ, ಒಂಬತ್ತಕ್ಕೆ ಕೂರೋಣ.’ ಒಂಬತ್ತಕ್ಕೆ ಬರಲೇಬೇಕು. ಬರದಿದ್ದರೆ ಅದು ಬಿಡುವಲ್ಲ, ತಪ್ಪಿಸಿಕೊಳ್ಳುವುದು.

ಹತ್ತು ವರ್ಷದಿಂದ ಅದೇ ವಿಷಯಕ್ಕೆ ಜಗಳ. ಇದು ಬಗೆಹರಿಯಲ್ಲ ಅಲ್ವಾ?

ಬಹುಶಃ ಬಗೆಹರಿಯುವುದಿಲ್ಲ. ಗಾಟ್ಮನ್ ಲೆಕ್ಕದಲ್ಲಿ ಜೋಡಿಗಳ ಜಗಳಗಳಲ್ಲಿ ಶೇಕಡಾ 69ರಷ್ಟು ಶಾಶ್ವತ ವ್ಯತ್ಯಾಸಗಳಿಂದ ಹುಟ್ಟುವಂಥವು. ಒಬ್ಬರು ದುಡ್ಡು ಕೂಡಿಡುವವರು, ಒಬ್ಬರು ಖರ್ಚು ಮಾಡುವವರು. ಒಬ್ಬರಿಗೆ ಜನ ಬೇಕು, ಒಬ್ಬರಿಗೆ ಮೌನ ಬೇಕು. ಸುಖವಾಗಿರುವ ಜೋಡಿಗಳಲ್ಲೂ ಇವು ಇರುತ್ತವೆ.

ಒಂದು ಸಣ್ಣ ಉಪಾಯ ಪರೀಕ್ಷೆಗೆ ನಿಂತಿದೆ. ಎಲಿ ಫಿಂಕೆಲ್ ತಂಡ 2013ರಲ್ಲಿ ಪ್ರಕಟಿಸಿದ, 120 ದಂಪತಿಗಳ ಎರಡು ವರ್ಷದ ಅಧ್ಯಯನದಲ್ಲಿ ಅರ್ಧದಷ್ಟು ಜೋಡಿಗಳಿಗೆ ಎರಡನೇ ವರ್ಷ ಒಂದು ಬರಹದ ಕೆಲಸ ಕೊಟ್ಟರು: ‘ನಿಮ್ಮಿಬ್ಬರ ಒಳಿತನ್ನೂ ಬಯಸುವ ಮೂರನೆಯವರೊಬ್ಬರು ಈ ಜಗಳವನ್ನು ಹೇಗೆ ನೋಡಿಯಾರು? ಬರೆಯಿರಿ.’ ಒಂದು ಸಲಕ್ಕೆ ಏಳು ನಿಮಿಷ, ವರ್ಷಕ್ಕೆ ಮೂರು ಸಲ, ಒಟ್ಟು 21 ನಿಮಿಷ. ಬರೆಯದವರಲ್ಲಿ ದಾಂಪತ್ಯದ ಸಮಾಧಾನ ಇಳಿಯುತ್ತಲೇ ಹೋಯಿತು. ಬರೆದವರಲ್ಲಿ ಇಳಿಯುವುದು ನಿಂತಿತು. ಇಬ್ಬರೂ ಬೇರೆ ಬೇರೆ ಕೂತು ಬರೆದು ನೋಡಿ. ತೋರಿಸಿಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಪ್ರತಿ ಸಲ ನಾನೇ ಯಾಕೆ ಮೊದಲು ಹೆಜ್ಜೆ ಇಡಬೇಕು?

ಇದು ನ್ಯಾಯವಾದ ಪ್ರಶ್ನೆ. ನೋವಿರುವುದು ನಿಮಗೆ, ಕಂಡಿರುವುದು ನಿಮಗೆ, ಅದಕ್ಕೇ ಮೊದಲ ಹೆಜ್ಜೆ ನಿಮ್ಮದಾಗುತ್ತದೆ. ಆದರೆ ಕೊನೆಯಿಲ್ಲದ ಒಂಟಿ ಹೊರೆ ಹೊರಬೇಡಿ. ಎರಡು ಮೂರು ತಿಂಗಳ ಗಡುವು ಇಟ್ಟುಕೊಳ್ಳಿ. ಅಷ್ಟರೊಳಗೆ ಅವರ ಕಡೆಯಿಂದ ಒಂದು ಸಣ್ಣ ಚಲನೆಯೂ ಕಾಣದಿದ್ದರೆ, ನೇರವಾಗಿ ಹೇಳಿ: ‘ನಾನೊಬ್ಬಳೇ ಎಳೆದು ಸಾಕಾಗಿದೆ.’ ಈ ಮಾತನ್ನು ಸಿಟ್ಟಿನಲ್ಲಿ ಹೇಳಬೇಡಿ, ಹೇಳದೇ ಇರಲೂಬೇಡಿ.

ಹಾಸಿಗೆಯಲ್ಲೂ ದೂರ ಆಗಿದ್ದೀವಿ. ಮನಸ್ಸೇ ಬರಲ್ಲ. ಬರೋವರೆಗೆ ಕಾಯಬೇಕಾ?

ಬಯಕೆ ಮೊದಲು, ಸ್ಪರ್ಶ ಆಮೇಲೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ರೋಸ್ಮರಿ ಬ್ಯಾಸನ್ ಎಂಬ ವೈದ್ಯೆ 2000ದಲ್ಲಿ ಬೇರೊಂದು ಚಿತ್ರ ಕೊಟ್ಟರು. ದೀರ್ಘ ಸಂಬಂಧದಲ್ಲಿರುವ ಅನೇಕರಿಗೆ, ಅವರು ಮುಖ್ಯವಾಗಿ ಹೇಳಿದ್ದು ಹೆಂಗಸರ ಬಗ್ಗೆ, ಆಪ್ತತೆ ಮತ್ತು ಸ್ಪರ್ಶ ಶುರುವಾದ ಮೇಲೆ ಬಯಕೆ ಚಿಗುರುತ್ತದೆ. ತಾನಾಗಿ ಬರುತ್ತಿಲ್ಲ ಅಂದರೆ ಸತ್ತಿದೆ ಅಂತಲ್ಲ.

ಮುಂದೆ ಏನೂ ಆಗಬೇಕಿಲ್ಲ ಅನ್ನುವ ಒಪ್ಪಂದದ ಮೇಲೆ ಕೈ ಹಿಡಿಯುವುದು, ಒರಗಿ ಕೂರುವುದು ಮತ್ತೆ ಶುರುವಾಗಲಿ. ಎಷ್ಟೋ ಮನೆಗಳಲ್ಲಿ ಅಪ್ಪುಗೆ ನಿಂತಿರುವುದೇ ‘ಒಪ್ಪಿಕೊಂಡರೆ ಮುಂದಿನದಕ್ಕೂ ಒಪ್ಪಿದ ಹಾಗೆ’ ಅನ್ನುವ ಅಂಜಿಕೆಯಿಂದ. ಬೇಡ ಅನ್ನುವ ಹಕ್ಕು ಯಾವಾಗಲೂ ಇಬ್ಬರಿಗೂ ಇದೆ. ನೋವಿದ್ದರೆ, ಹೆರಿಗೆಯ ನಂತರ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ, ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವಾಗ ದೇಹದ ಕಾರಣಗಳಿರುತ್ತವೆ. ವೈದ್ಯರನ್ನು ಕೇಳಲು ಸಂಕೋಚ ಬೇಡ, ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ.

## ಕಷ್ಟದ ಪ್ರಶ್ನೆಗಳು

ಐದು ವರ್ಷದಿಂದ ಜೊತೆಗಿದ್ದೀವಿ. ಮದುವೆಯೂ ಇಲ್ಲ, ಬೇರೆಯೂ ಆಗ್ತಿಲ್ಲ. ಹಾಗೇ ನಡೀತಿದೆ.

ಸ್ಕಾಟ್ ಸ್ಟ್ಯಾನ್ಲಿ ಮತ್ತು ಸಂಗಡಿಗರು 2006ರಲ್ಲಿ ಒಂದು ವ್ಯತ್ಯಾಸ ಗುರುತಿಸಿದರು: ಜಾರಿಕೊಂಡು ಬಂದದ್ದು, ತೀರ್ಮಾನಿಸಿ ಬಂದದ್ದು. ಬಾಡಿಗೆ ಉಳಿಯುತ್ತದೆ ಅಂತ ಒಂದೇ ಮನೆ, ಆಮೇಲೆ ಒಂದೇ ಖಾತೆ, ಆಮೇಲೆ ಬಿಡುವುದೇ ಕಷ್ಟ. ಎಲ್ಲೂ ಯಾರೂ ‘ಇದು ಬೇಕು’ ಅಂತ ಹೇಳಿರುವುದಿಲ್ಲ.

ನಿಮ್ಮ ಪ್ರಶ್ನೆಗೆ ಮದುವೆಯೇ ಉತ್ತರ ಅಂತ ನಾನು ಹೇಳಲಾರೆ. ನಿಂತ ಸಂಬಂಧಕ್ಕೆ ಮದುವೆಯನ್ನೋ ಮಗುವನ್ನೋ ಔಷಧಿ ಅಂತ ಹಾಕುವುದು ದೊಡ್ಡ ತಪ್ಪು. ಇಬ್ಬರೂ ಬೇರೆ ಬೇರೆ ಕೂತು, ಎರಡು ವರ್ಷದ ನಂತರ ಬದುಕು ಹೇಗಿರಬೇಕು ಅಂತ ಒಂದು ಪುಟ ಬರೆದು ಬದಲಾಯಿಸಿಕೊಳ್ಳಿ. ಆ ಪುಟದಲ್ಲಿ ಇನ್ನೊಬ್ಬರು ಇದ್ದಾರೆಯೇ ಅನ್ನುವುದು ಮೊದಲು ಕಣ್ಣಿಗೆ ಬೀಳುತ್ತದೆ.

ಬೇರೊಬ್ಬರ ಜೊತೆ ಮಾತಾಡುವಾಗ ಹೊಸ ಜೀವ ಬಂದ ಹಾಗಾಗುತ್ತೆ. ತಪ್ಪು ಏನೂ ಮಾಡಿಲ್ಲ. ಆದರೂ...

ಆ ‘ಆದರೂ’ ನಿಮಗೇ ಗೊತ್ತಿರುವ ಉತ್ತರ. ಮನಸ್ಸಿಗೆ ಹಿಡಿಸುವುದು ತಪ್ಪಲ್ಲ. ಮುಚ್ಚಿಡಲು ಶುರು ಮಾಡಿದ ದಿನದಿಂದ ಗೆರೆ ದಾಟುತ್ತಿದ್ದೀರಿ. ಅಲ್ಲಿ ನಿಮಗೆ ಸಿಗುತ್ತಿರುವುದು ಏನು ಅಂತ ನೋಡಿ: ಯಾರೋ ನಿಮ್ಮನ್ನು ಕುತೂಹಲದಿಂದ ಕೇಳುತ್ತಿದ್ದಾರೆ. ಆ ಕುತೂಹಲ ನಿಮಗೆ ಮನೆಯಲ್ಲಿ ಬೇಕಿದೆ ಅಂತ ಸಂಗಾತಿಗೆ ಯಾವತ್ತಾದರೂ ಹೇಳಿದ್ದೀರಾ? ಮೊದಲು ಆ ಮಾತುಕತೆಗೆ ಅಂತರ ಕೊಡಿ. ಎರಡು ಕಡೆ ತೂಗುತ್ತಾ ನಿಂತರೆ ಹಳೆಯದಕ್ಕೆ ನ್ಯಾಯ ಸಿಗುವುದಿಲ್ಲ, ಹೊಸದರ ಹೊಳಪಿನ ಎದುರು ಅದು ಸೋಲುವುದು ಖಚಿತ.

ಕೌನ್ಸೆಲರ್ ಹತ್ತಿರ ಯಾವಾಗ ಹೋಗಬೇಕು? ಅವರು ಬರಲ್ಲ ಅಂದ್ರೆ?

ನೀವೇ ಮಾಡಿ ನೋಡಿದ್ದು ಮೂರು ತಿಂಗಳಾದರೂ ಕದಲದಿದ್ದರೆ, ಮಾತು ತಾತ್ಸಾರಕ್ಕೆ ತಿರುಗಿದ್ದರೆ ಹೋಗಿ. ಕೊನೆಯ ಮೆಟ್ಟಿಲಲ್ಲಿ ನಿಂತು ಹೋಗುವವರೇ ಹೆಚ್ಚು. ಬೇಗ ಹೋದರೆ ಕೆಲಸ ಕಡಿಮೆ. ದಂಪತಿಗಳ ಜೊತೆ ಕೆಲಸ ಮಾಡಲು ತರಬೇತಿ ಪಡೆದವರೇ ಅಂತ ಕೇಳಿ ತಿಳಿದುಕೊಳ್ಳಿ. 1980ರ ದಶಕದಲ್ಲಿ ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ, ಭಾವನೆಗಳನ್ನು ಮುಂದಿಟ್ಟುಕೊಳ್ಳುವ ಚಿಕಿತ್ಸೆ ಸಾಮಾನ್ಯವಾಗಿ ಎಂಟರಿಂದ ಇಪ್ಪತ್ತು ಭೇಟಿಗಳದ್ದು. ಸಂಗಾತಿ ಬರದಿದ್ದರೆ ಒಬ್ಬರೇ ಹೋಗಿ. ವರ್ತುಲದಲ್ಲಿ ಒಬ್ಬರು ಹೆಜ್ಜೆ ಬದಲಿಸಿದರೂ ಕುಣಿತ ಬದಲಾಗುತ್ತದೆ.

ಇಲ್ಲಿ ಒಂದು ವಿಷಯ ಖಡಾಖಂಡಿತ. ಅವರ ಮೌನಕ್ಕೆ ನಿಮಗೆ ಬೇಸರವಲ್ಲ, ಭಯವಾಗುತ್ತಿದ್ದರೆ, ಹೊಡೆತ ಬಿದ್ದಿದ್ದರೆ, ಫೋನು, ಹಣ, ಓಡಾಟ ಅವರ ಹಿಡಿತದಲ್ಲಿದ್ದರೆ ಅದು ನಿಂತ ನೀರಲ್ಲ, ಹಿಂಸೆ. ಅಲ್ಲಿ ಜೋಡಿಯಾಗಿ ಕೂತು ಮಾತಾಡುವ ಚಿಕಿತ್ಸೆ ಅಪಾಯಕ್ಕೇ ದಾರಿಯಾಗಬಹುದು. ಈ ಪುಟದ ಯಾವ ಉಪಾಯವೂ ಅದಕ್ಕಲ್ಲ. ನಂಬಿಕೆಯ ಒಬ್ಬರಿಗೆ ಹೇಳಿ, ಒಂಟಿಯಾಗಿ ಸಹಾಯ ಪಡೆಯಿರಿ, ಸುರಕ್ಷತೆ ಮೊದಲು ನೋಡಿಕೊಳ್ಳಿ.

ಎಲ್ಲ ಮಾಡಿ ನೋಡಿದೆ. ಬಿಟ್ಟುಬಿಡೋ ಹೊತ್ತು ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ?

ನಿಮ್ಮ ಪರವಾಗಿ ನಾನು ತೀರ್ಮಾನ ಹೇಳಲಾರೆ. ಬೇರೆಯಾಗುವುದು ಸೋಲಲ್ಲ ಅನ್ನುವುದನ್ನು ಮಾತ್ರ ಮೊದಲು ಹೇಳಿಬಿಡುತ್ತೇನೆ. ಪ್ರಾಮಾಣಿಕವಾಗಿ ಪ್ರಯತ್ನಿಸಿ, ಗೌರವದಿಂದ ಬೇರೆಯಾದ ಜೋಡಿಗಳನ್ನು ನಾನು ಬಲ್ಲೆ. ಒಬ್ಬರ ಬಗ್ಗೆ ಇನ್ನೊಬ್ಬರು ಇವತ್ತಿಗೂ ಒಳ್ಳೆಯದನ್ನೇ ಆಡುತ್ತಾರೆ.

ನೋಡಬೇಕಾದದ್ದು ಬೇಸರ ಎಷ್ಟಿದೆ ಅಂತಲ್ಲ. ತಾತ್ಸಾರ ಬಂದಿದೆಯೇ ಅಂತ. ಕಣ್ಣು ಹೊರಳಿಸುವುದು, ನಾಲ್ಕು ಜನರ ಮುಂದೆ ಹಂಗಿಸುವುದು, ‘ಇವರಿಂದ ಇನ್ನೇನಾಗುತ್ತೆ’ ಅನ್ನುವ ದನಿ. ಗಾಟ್ಮನ್ ಎಲ್ಲಕ್ಕಿಂತ ಕೆಟ್ಟ ಸೂಚನೆ ಅಂತ ಗುರುತಿಸಿದ್ದು ತಾತ್ಸಾರವನ್ನೇ.

ಮತ್ತೊಂದು ಕುರುಹು ನೀವು ನಿಮ್ಮ ಕತೆಯನ್ನು ಹೇಳುವ ಬಗೆಯಲ್ಲಿದೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 52 ದಂಪತಿಗಳನ್ನು ‘ನೀವು ಹೇಗೆ ಭೇಟಿಯಾದಿರಿ, ಹೇಳಿ’ ಅಂತ ಕೇಳಿದ್ದರು. ಮೂರು ವರ್ಷದ ನಂತರ ಯಾರು ಜೊತೆಗಿದ್ದರು ಅನ್ನುವುದಕ್ಕೂ ಆ ಕತೆ ಹೇಳಿದ ದನಿಗೂ ಗಟ್ಟಿಯಾದ ನಂಟಿತ್ತು. ಬೇಸರ ಎಷ್ಟೇ ಇರಲಿ, ಮೊದಲ ದಿನಗಳನ್ನು ನೆನೆದರೆ ಮುಖ ಅರಳುತ್ತದೆಯೋ? ಅಥವಾ ‘ಆಗಲೇ ಗೊತ್ತಾಗಬೇಕಿತ್ತು’ ಅಂತ ಆ ನೆನಪಿಗೂ ಮಸಿ ಹತ್ತಿದೆಯೋ? ಹತ್ತಿದ್ದರೆ ತಡಮಾಡದೆ ಸಹಾಯ ಪಡೆಯಿರಿ.

ಒಂದು ಸಂಜೆ ಬಿಡುವು ಮಾಡಿಕೊಂಡು ಈ ಕತೆಯನ್ನು ಜೋರಾಗಿ ಹೇಳಿ ನೋಡಿ, ಅವರ ಎದುರಿಗೇ. ಎಲ್ಲಿ ನಿಂತಿದ್ದಿರಿ, ಯಾರು ಮೊದಲು ಮಾತಾಡಿದ್ದು, ಯಾವ ಬಣ್ಣದ ಬಟ್ಟೆ. ಹೇಳುವಾಗ ಅವರು ಪೂರ್ತಿ ಸುಮ್ಮನೆ ಕೂರುತ್ತಾರೋ, ನಡುವೆ ಬಾಯಿ ಹಾಕಿ ‘ಅಲ್ಲ, ಅಲ್ಲ, ಅವತ್ತು ಮಳೆ ಬರ್ತಿತ್ತು’ ಅಂತ ತಿದ್ದುತ್ತಾರೋ, ಗಮನಿಸಿ.